ಗೊತ್ತಿದ್ದವರು ಬೇಕಾಗಿದ್ದಾರೆ

ನಮ್ಮ ಸೋದರಮಾವನನ್ನು ಮಾತಿಗೆಳೆಯುವವರು ತಾವು ಇಳಿಯುವ ಸ್ಟಾಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅವರು ನಿಲ್ಲಿಸುವುದಿಲ್ಲ! ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ರೂಟಿನಲ್ಲಿ ಕಂಡಕ್ಟರ್ ಆಗಿದ್ದ ಮಾವ ಕೆಲಸ ಬಿಟ್ಟರೂ ಸೀಟಿ ಬಿಡಲಿಲ್ಲ. ಮದುವೆಮನೆಯ ಊಟದ ಬಾಗಿಲಲ್ಲಿ ನಿಂತು, "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಇದೆ" ಎಂದು ಅವರು ಕೂಗಿದರೆ ಮದುಮಗನೂ ಎರಡು ಹೆಜ್ಜೆ ಮುಂದೆ ಸರಿಯುತ್ತಾನೆ.

ಇಂಥವರಿಗೆ ಮೂರು ತಾಲ್ಲೂಕಿನ ನಿರುದ್ಯೋಗ ನಿವಾರಿಸುವ ಯೋಚನೆ ಬಂದರೆ? ಬಂತು!

"ಗ್ಯಾರೇಜಿನೋರು ಜನ ಇಲ್ಲ ಅಂತಾರೆ, ಲಾಡ್ಜಿನೋರು ಜನ ಇಲ್ಲ ಅಂತಾರೆ. ಸ್ಟಾಪಲ್ಲಿ ನೋಡಿದ್ರೆ ಕೆಲಸ ಇಲ್ಲ ಅಂತ ಜನ ನಿಂತಿದಾರೆ. ಬಸ್ಸೂ ಇದೆ, ಜನಾನೂ ಇದಾರೆ. ಬೋರ್ಡ್ ಹಾಕಿಲ್ಲ ಅಷ್ಟೆ ಮಾರಾಯ!"

ಬೋರ್ಡ್ ಬರೆಯಲು ನನ್ನನ್ನು ಹಿಡಿದರು. ನಾನು ಎಂ.ಎ. ಮಾಡಿದವನು; ಯಾವುದನ್ನೂ ನಂಬದಿರುವುದಕ್ಕೆ ವಿಶ್ವವಿದ್ಯಾಲಯದ ಸರ್ಟಿಫಿಕೇಟು ಉಳ್ಳವನು. ಅಷ್ಟರಲ್ಲಿ ಮಾವ ಮಾಲೀಕರನ್ನು ಒಪ್ಪಿಸಿದ್ದರು: ಒಬ್ಬೊಬ್ಬರೂ ಇಬ್ಬರಿಗೆ ಮೂರು ತಿಂಗಳು ಕೆಲಸ ಕಲಿಸುವುದು, ಕಲಿತವರನ್ನು ಯಾರಿಗೆ ಬೇಕೋ ಅವರು ತೆಗೆದುಕೊಳ್ಳುವುದು. "ಬೇರೆಯವರಿಗಾಗಿ ನಾನ್ಯಾಕೆ ಕಲಿಸಲಿ?" ಎಂದ ಗ್ಯಾರೇಜಿನವರಿಗೆ ಮಾವನ ಉತ್ತರ: "ಕೊಪ್ಪದಲ್ಲಿ ಹತ್ತಿದೋರೆಲ್ಲ ಕೊಪ್ಪದಲ್ಲೇ ಇಳೀತಾರಾ?"

ನಾನು ಫಾರಂ ತಯಾರಿಸಿದೆ. ನಿಮಗೆ ಎಂಥವರು ಬೇಕು? ಎಲ್ಲ ಮಾಲೀಕರೂ ಒಂದೇ ಮಾತು ಬರೆದಿದ್ದರು: ಗೊತ್ತಿದ್ದವರು ಬೇಕು. ಸರಿ, ಕೆಲಸ ಗೊತ್ತಿದ್ದವರು ತಾನೆ? ಪರೀಕ್ಷೆ ಇಟ್ಟೆ! ಮಾವನೋ, ಕಲಿಯುವವರನ್ನು ಕಟ್ಟಿಕೊಂಡು ಅಂಗಡಿಯಿಂದ ಅಂಗಡಿಗೆ ಟೀ ಕುಡಿಯುತ್ತ ತಿರುಗಿದರು. "ಇದು ತರಬೇತಿಯೋ, ದಿಬ್ಬಣವೋ?" ಎಂದು ಎಲ್ಲರೆದುರೇ ನಕ್ಕೆ. ಕೊಪ್ಪದ ಹತ್ತಿರದ ನಾರ್ವೆ ಊರಿನ ಸುಮಿತ್ರ ಎನ್.ಆರ್.ಪುರದಲ್ಲಿ ಪಂಪಿನ ಮೋಟರ್ ವೈಂಡಿಂಗ್ ಕಲಿಯುತ್ತಿದ್ದಳು. "ನೀನು ಟೀಗೆ ಹೋಗಬೇಡ, ಓದು" ಎಂದೆ. ಓದಿದಳು. ಮೊದಲನೆಯವಳಾಗಿ ಬಂದಳು. ಕೆಲಸ ಸಿಗದಿದ್ದರೆ ಅವಳು ಅಮ್ಮನ ಜೊತೆ ತೋಟದ ಕೂಲಿಗೇ ಹೋಗಬೇಕಿತ್ತು.

ಕಲಿತವರನ್ನು ಆರಿಸಲು ಕೊಪ್ಪದಲ್ಲಿ ಎಲ್ಲರೂ ಸೇರಿದ ದಿನ ಶೃಂಗೇರಿಯ ಪಂಪ್ ಅಂಗಡಿಯವರು ಸುಮಿತ್ರಳ ಅಂಕಪಟ್ಟಿ ತಿರುವಿ ನೋಡಿ ಕೇಳಿದರು: "ಮಾರ್ಕು ಸರಿ ಮಾರಾಯ್ರೆ. ಗೊತ್ತಿದ್ದೋಳಾ?"

"ಅವಳಿಗೆ ಎಲ್ಲಾ ಗೊತ್ತು!" ಎಂದೆ.

"ಅವಳಿಗೆ ಎಂತ ಗೊತ್ತು ಅಂತ ಯಾರು ಕೇಳಿದ್ರು? ಅವಳು ನಿಮಗೆ ಗೊತ್ತಾ?"

ಎಲ್ಲರೂ ನಕ್ಕರು. ನನ್ನ ಎಂ.ಎ. ನೆಲಕ್ಕೆ ಬಿತ್ತು. ಬಾಗಿಲ ಬಳಿ ನಿಂತಿದ್ದ ಸುಮಿತ್ರ ನನ್ನನ್ನೇ ನೋಡುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ನಮ್ಮ ಮನೆಯ ಪಂಪು ಬಿಚ್ಚಿ ಸರಿಮಾಡಿ, ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು ಹೋಗಿದ್ದವಳು ಅವಳು. ಪರಿಚಯದ ಮೇಲೆ ಕೆಲಸ ಕೊಡಬಾರದೆಂಬುದು ನನ್ನ ಸಿದ್ಧಾಂತ. ಅದರ ಕೆಳಗೆ ಇನ್ನೊಂದು ಇತ್ತು: ನಾಳೆ ಅವಳು ಯಾರದಾದರೂ ಮೋಟರ್ ಸುಟ್ಟರೆ ನನ್ನ ತಲೆಗೇಕೆ? "ಹಾಗೇನೂ ಗೊತ್ತಿಲ್ಲ" ಎಂದೆ. ಅಥವಾ ಸುಮ್ಮನೆ ತಲೆಯಾಡಿಸಿದೆನೋ? ಸರಿಯಾಗಿ ನೆನಪಿಲ್ಲ. ನೆನಪಿಲ್ಲ ಎನ್ನುವುದೂ ಎಷ್ಟು ಅನುಕೂಲ, ನೋಡಿ! ಅವಳು ತಲೆ ತಗ್ಗಿಸಿದ್ದಂತೂ ನೆನಪಿದೆ.

ಮಾವನ ಸೀಟಿ ಕೂಗಿತು.

"ಹೋಲ್ಡಾನ್! ನಂಗೆ ಗೊತ್ತು. ಐದನೇ ಕ್ಲಾಸಿಂದ ನಾರ್ವೆಲಿ ಹತ್ತಿದ ಕೂಸು. ಘಾಟಿಲಿ ಬಸ್ ಕೆಟ್ಟಾಗ ನೀವೆಲ್ಲ ನಂಗೆ ಬೈತಾ ನಿಂತಿದ್ರಿ. ಇವಳು ಯೂನಿಫಾರಂನಲ್ಲೇ ಬಸ್ಸಿನಡಿ ಕೂತು ಡ್ರೈವರಿಗೆ ಸ್ಪ್ಯಾನರ್ ಕೊಡ್ತಿದ್ಲು. ಇವಳು ಮೋಟರ್ ಸುಟ್ರೆ ನಮ್ಮನೆ ಪಂಪ್ ಬಿಚ್ಕೊಂಡು ಹೋಗಿ!"

"ಹಂಗಾದ್ರೆ ಸೋಮವಾರ ಬರ್ಲಿ ಬಿಡಿ" ಎಂದರು ಅಂಗಡಿಯವರು.

"ರೈಟ್!" ಎಂದರು ಮಾವ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅಂಕಪಟ್ಟಿಯನ್ನು ಮಡಚಿ ಚೀಲದೊಳಗೆ ತುರುಕಿದೆ. ಮಾವ ನನ್ನ ಮೊಣಕಾಲು ತಟ್ಟಿದರು: "ಇರ್ಲಿ ಬಿಡಾ. ಪರೀಕ್ಷೆನೂ ಬೇಕು."

ಆ ವಾರವೇ ನಾನು ಪಾಠ ಮಾಡುವ ಕಾಲೇಜಿನಲ್ಲಿ ಪ್ರಿನ್ಸಿಪಾಲರೆದುರು ಈ ಕತೆಯನ್ನು, ನನ್ನ ಪಾತ್ರವನ್ನು ಆದಷ್ಟು ಸಣ್ಣದು ಮಾಡಿ, ಹೇಳಿದೆ. ಅವರು ಗಟ್ಟಿಯಾಗಿ ನಕ್ಕರು. ನನ್ನ ಇಂಟರ್‌ವ್ಯೂಗೆ ಮುಂಚೆ ಮೂರು ದಿನ ಮಾವ ಕೊರಳಿಗೆ ಸೀಟಿ ಹಾಕಿಕೊಂಡೇ ಅವರ ಕೋಣೆಯ ಹೊರಗೆ ಕೂತಿದ್ದರಂತೆ. ಒಳಗೆ ಕರೆದಾಗ ಹೇಳಿದ್ದು ಇಷ್ಟೇ:

"ಸ್ವಲ್ಪ ವಾದ ಮಾಡ್ತಾನೆ ಸಾರ್. ಆದ್ರೆ ನಂಗೆ ಗೊತ್ತಿದ್ದೋನು."