ಗಾಜಿನ ಪೆಟ್ಟಿಗೆಯ ನಾಪಾಸು ಗೊಂಬೆ

ಪೀಣ್ಯದ ಗೊಂಬೆ ಕಾರ್ಖಾನೆಯಲ್ಲಿ ತಪಾಸಣೆ ಮೇಜಿನ ಮುಂದೆ ಕೂತು ನನ್ನ ಅರ್ಧ ಆಯುಷ್ಯ ಕಳೆದಿದೆ. ಗೊಂಬೆ ಸರಿಯಿದ್ದರೆ ಪಾಸು, ಇಲ್ಲದಿದ್ದರೆ ಪಕ್ಕದ ಡಬ್ಬಕ್ಕೆ. ಅಷ್ಟರಲ್ಲಿ ಕಂಪನಿ ಮೂರು ಕೈ ಕಂಡಿತು. ಬಂದವರೆಲ್ಲ ಕಂಪನಿಯ ಚರಿತ್ರೆಯನ್ನು ಹೊಸದಾಗಿ ಬರೆಸಿ ಗೋಡೆಗೆ ಹಾಕಿದರು. ನಾವು ನಕ್ಕಿದ್ದು ಅದರಲ್ಲಿ ಇರುತ್ತಿರಲಿಲ್ಲ, ಅತ್ತಿದ್ದಂತೂ ಇಲ್ಲವೇ ಇಲ್ಲ. ಈಗ ಹೇಳಹೊರಟಂಥವು ಮಾತ್ರ ವಾರಕ್ಕೊಂದರಂತೆ ನಡೆಯುತ್ತಲೇ ಇದ್ದವು.

೧. ಗೇಟಿನ ಪುಸ್ತಕ

ಹಳೇ ಯಜಮಾನರು ಒಂದು ತಗಡಿನ ಶೆಡ್ಡು, ಒಂದೇ ಒಂದು ಅಚ್ಚು ಇಟ್ಟುಕೊಂಡು ಶುರು ಮಾಡಿದವರು. ಕೊನೆಗೆ ನಡೆಸಲಾಗದೆ ಮುಂಬೈಯವರಿಗೆ ಮಾರಿದರು. ಮಾರಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಒಂದು ಶನಿವಾರ ಗೇಟಿಗೆ ಬಂದು ನಿಂತರು. ಹೊಸ ಸೆಕ್ಯೂರಿಟಿಯವನಿಗೆ ಅವರ ಗುರುತಿಲ್ಲ.

"ಯಾರನ್ನ ನೋಡ್ಬೇಕು ಸಾರ್?"

"ಗೊಂಬೆ ನೋಡ್ಬೇಕಪ್ಪ."

"ಅಂಗೆಲ್ಲ ಬಿಡಕ್ಕಾಗಲ್ಲ ಸಾರ್. ನಿಮಗೂ ಅದಕ್ಕೂ ಏನು?"

"ನಾನು ಅದರ ಅಪ್ಪ ಕಣಯ್ಯ."

ಅವನು ಪುಸ್ತಕದಲ್ಲಿ ಏನೋ ಬರೆದುಕೊಂಡು ಒಳಗೆ ಬಿಟ್ಟ. ಸಂಜೆ ಗೇಟಿನ ಪುಸ್ತಕ ನೋಡಿದೆ. ಭೇಟಿಯಾಗಬೇಕಾದವರು: ಗೊಂಬೆ. ಕಾರಣ: ತಂದೆ.

ಆಮೇಲೆ ಬದುಕಿರುವವರೆಗೂ ಯಜಮಾನರು ಶನಿವಾರ ತಪ್ಪಿಸಲಿಲ್ಲ. ಸೆಕ್ಯೂರಿಟಿಯವನು ಬರೆಯುವುದು ಬಿಟ್ಟು "ಅಪ್ಪ ಬಂದ್ರು" ಎಂದು ಒಳಗೆ ಕೂಗುತ್ತಿದ್ದ. ಅವರು ತೀರಿಕೊಂಡ ಸುದ್ದಿ ಬಂದ ದಿನ ಅವನು ನನ್ನ ಮೇಜಿನ ಹತ್ತಿರ ಬಂದು ಟೋಪಿ ತೆಗೆದು ಕೇಳಿದ: "ಸಾರ್, ಗೊಂಬೆಗಳಿಗೆ ಹೇಳಿದ್ರಾ?"

೨. ಈಗ ಬೈರಿ

ನಮ್ಮಲ್ಲಿ ಗೊಂಬೆಗೆ ಕಣ್ಣು ಬರೆಯುತ್ತಿದ್ದವರು ಕೊಪ್ಪಳದ ಕಡೆಯ ಒಬ್ಬ ಅಕ್ಕ. ಗಂಡ ಇಲ್ಲ. ಒಬ್ಬಳೇ ಮಗಳು, ನರ್ಸಿಂಗ್ ಓದುತ್ತಿದ್ದಳು. "ಅಕಿ ಓದು ಮುಗಿಯೂತನ ನನ್ನ ಕೈ ನಿಲ್ಲಬಾರದು" ಎನ್ನುವುದೊಂದೇ ಅವರ ಹರಕೆ.

ಕೂದಲು, ಬಟ್ಟೆ ಎಲ್ಲ ಆದ ಮೇಲೆ ಕಡೆಗೆ ಕಣ್ಣು. ಪ್ರತಿ ಕಣ್ಣಿನ ಮೂಲೆಯಲ್ಲಿ ಅಕ್ಕ ಸಾಸಿವೆಗಿಂತ ಸಣ್ಣದೊಂದು ಬಿಳಿ ಬಣ್ಣದ ಉಬ್ಬಿದ ಚುಕ್ಕೆ ಇಡುತ್ತಿದ್ದರು, ಅದಕ್ಕೆ ನಾವು ಕಾಳು ಎನ್ನುತ್ತಿದ್ದೆವು. ಉಗುರು ಆಡಿಸಿದರೆ ಕೈಗೆ ಸಿಗುತ್ತಿತ್ತು. ಅದನ್ನು ಇಟ್ಟರೆಂದರೆ ಗೊಂಬೆ ನೋಡತೊಡಗಿತು ಎಂದು ಲೆಕ್ಕ. ಹಾಗೆ ಕಣ್ಣು ಬಿಟ್ಟ ಗೊಂಬೆಗಳ ಎದುರು ಯಾರೂ ಯಾರನ್ನೂ ಬೈಯಬಾರದು, ಇದು ಯಜಮಾನರ ಕಾಲದಿಂದ ನಮ್ಮ ವಿಭಾಗದ ಪದ್ಧತಿ.

ಮುಂಬೈಯವರ ಹೊಸ ಮ್ಯಾನೇಜರಿಗೆ ಇದು ಗೊತ್ತಿಲ್ಲ. ಒಂದು ಬೆಳಗ್ಗೆ ಲೋಡ್ ತಡವಾಯಿತೆಂದು ಬಂದವರೇ ಎಲ್ಲರ ಮೇಲೆ ಹಾರಾಡಿದರು. ಅಕ್ಕ ಕುಂಚ ಕೆಳಗಿಟ್ಟು ಎದ್ದರು. ತಲೆಯ ಸೆರಗು ಸರಿಮಾಡಿಕೊಂಡು, ಒಂದು ಬೆಡ್‌ಶೀಟು ತಂದು, ಟ್ರೇಗಳ ಮೇಲೆ ನಿಧಾನವಾಗಿ ಹೊದಿಸಿದರು. ಆಮೇಲೆ ಮ್ಯಾನೇಜರ ಕಡೆ ತಿರುಗಿದರು.

"ಹ್ಞಾಂ," ಎಂದರು ಅಕ್ಕ, "ಈಗ ಬೈರಿ ಸಾಹೇಬ್ರ."

೩. ಡಾಕ್ಟರರ ಪಟ್ಟಿ

ಅಕ್ಕನ ಕಣ್ಣು ಮಂಜಾಗುತ್ತಾ ಬಂತು. ನನ್ನ ಮೇಜಿಗೆ ಬರುವ ಗೊಂಬೆಗಳಲ್ಲಿ ಒಂದು ಕಣ್ಣು ಮೇಲೆ, ಒಂದು ಕೆಳಗೆ. ಅಷ್ಟರಲ್ಲಿ ಕಂಪನಿ ಎಲ್ಲರಿಗೂ ಕಣ್ಣಿನ ತಪಾಸಣೆ ಇಟ್ಟಿತು. ಅದರಲ್ಲಿ ನಾಪಾಸಾದರೆ ಅಕ್ಕನ ಕೆಲಸ ಹೋಗುತ್ತಿತ್ತು, ಮಗಳಿಗೆ ಇನ್ನೂ ಎರಡು ವರ್ಷದ ಓದು ಬಾಕಿಯಿತ್ತು. ನಾನು ಮುಂಚೆಯೇ ಹೋಗಿ ಗೋಡೆಯ ಅಕ್ಷರದ ಪಟ್ಟಿಯನ್ನು ಬರೆದುಕೊಂಡು ಬಂದು ಅಕ್ಕನಿಗೆ ಬಾಯಿಪಾಠ ಮಾಡಿಸಿದೆ.

ಅಕ್ಕ ಡಾಕ್ಟರರ ಮುಂದೆ ಮೇಲಿನಿಂದ ಕೆಳಗಿನವರೆಗೆ ಗಡಗಡ ಒಪ್ಪಿಸಿದರು. ಅಲ್ಲಿಗೂ ನಿಲ್ಲಲಿಲ್ಲ. ಅವಸರದಲ್ಲಿ ನಾನು ಬರೆದುಕೊಂಡಿದ್ದ, ಪಟ್ಟಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಹೇಳಿಬಿಟ್ಟರು.

ಡಾಕ್ಟರು ಕನ್ನಡಕ ತೆಗೆದರು. "ಅಮ್ಮಾ, ಅದು ನನಗೇ ಕಾಣಲ್ಲ."

ನಾವೆಲ್ಲ ನಕ್ಕೆವು, ಡಾಕ್ಟರೂ ನಕ್ಕರು. ಆಮೇಲೆ ನನ್ನನ್ನು ಹೊರಗೆ ಕರೆದು, "ನರ ಒಣಗ್ತಾ ಇದೆ ಕಣ್ರೀ, ಕನ್ನಡಕದಿಂದ ಆಗೋದಲ್ಲ. ಆಫೀಸಿಗೆ ನಾನೇನೂ ಹೇಳಲ್ಲ" ಎಂದರು. ಅಕ್ಕನಿಗೆ, "ಏನಿಲ್ಲವಂತೆ, ವಯಸ್ಸಂತೆ" ಎಂದು ಸುಳ್ಳು ಹೇಳಿದೆ.

ಅವತ್ತಿನಿಂದ ಊಟದ ಹೊತ್ತಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ, ಅಕ್ಕ ಬರೆದ ಸೊಟ್ಟ ಕಣ್ಣುಗಳನ್ನು ಥಿನ್ನರಿನಲ್ಲಿ ಒರೆಸಿ ನಾನೇ ಬರೆಯತೊಡಗಿದೆ. ಕುಂಚ ಹಿಡಿದು ರೂಢಿಯಿಲ್ಲ, ಗೆರೆ ಅಂಕುಡೊಂಕಾಗುತ್ತಿತ್ತು. ಆ ಬಿಳಿ ಕಾಳಂತೂ ನನಗೆ ಒಲಿಯಲೇ ಇಲ್ಲ, ಬಿಟ್ಟುಬಿಟ್ಟೆ. ನಾನು ಬರೆದ ಗೊಂಬೆಗಳೆಲ್ಲ ಈಗಲೋ ಆಗಲೋ ಅಳುವ ಹಾಗೆ ಕಾಣುತ್ತಿದ್ದವು. ಬೈಗುಳಕ್ಕೆ ಕಾದು ಕೂತಿದ್ದರೆ ವೈಟ್‌ಫೀಲ್ಡಿನ ಒಬ್ಬ ತಾಯಿಯಿಂದ ಪತ್ರ ಬಂತು: ಈ ಗೊಂಬೆಗೆ ನನ್ನ ಮಗಳ ಕಷ್ಟ ಅರ್ಥವಾಗುತ್ತೆ, ಇಂಥದ್ದೇ ಇನ್ನೆರಡು ಬೇಕು.

೪. ಚರಿತ್ರೆಯ ಕೋಣೆ

ಅಕ್ಕನ ಮಗಳು ಓದು ಮುಗಿಸಿದಳು. ಅದೇ ವರ್ಷ ಮೂರನೆಯ ಕಂಪನಿಯವರು ಕಣ್ಣು ಅಚ್ಚು ಹಾಕುವ ಯಂತ್ರ ತಂದರು, ಹಿಂದೆಯೇ ಪೀಣ್ಯದ ಬಾಗಿಲನ್ನೂ ಹಾಕಿದರು. ಕೊನೆಯ ದಿನ ಅಕ್ಕ ಟ್ರೇಗಳ ಮೇಲೆ ಬೆಡ್‌ಶೀಟು ಹೊದಿಸಿಯೇ ಅತ್ತರು.

ಹೋದ ವರ್ಷ ವೈಟ್‌ಫೀಲ್ಡಿನ ಆಫೀಸಿನಲ್ಲಿ ಕಂಪನಿಯವರು ಚರಿತ್ರೆಯ ಕೋಣೆ ಮಾಡಿ ಹಳಬರನ್ನು ಕರೆದರು. ಮಗಳ ಕೈ ಹಿಡಿದುಕೊಂಡು ಅಕ್ಕ ಬಂದಿದ್ದರು. ಈಗ ಬೆಳಕು, ನೆರಳು ಬಿಟ್ಟರೆ ಅವರಿಗೆ ಏನೂ ಕಾಣುವುದಿಲ್ಲ.

ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಗೊಂಬೆ. ಕೆಳಗೆ ಬರಹ: 'ನಮ್ಮ ಮೊಟ್ಟಮೊದಲ ಗೊಂಬೆ. ಮಕ್ಕಳ ಮನಸ್ಸನ್ನು ಆಳವಾಗಿ ಅಭ್ಯಾಸ ಮಾಡಿ ನಮ್ಮ ವಿನ್ಯಾಸ ತಂಡ ರೂಪಿಸಿದ ನೋಟ.' ನೋಡಿದ ಕೂಡಲೇ ಗುರುತು ಸಿಕ್ಕಿತು. ನಾನು ಊಟ ಬಿಟ್ಟು ಬರೆದವುಗಳಲ್ಲಿ ಒಂದು.

ಅಕ್ಕ ಮುಟ್ಟಿ ನೋಡಬೇಕೆಂದರು. ಕೋಣೆಯ ಉಸ್ತುವಾರಿಯ ಮೇಡಂ ಗಾಜು ತೆಗೆದು ಗೊಂಬೆಯನ್ನು ಅವರ ಕೈಗೆ ಕೊಟ್ಟರು. ಅಕ್ಕನ ಉಗುರು ಕಣ್ಣಿನ ಮೂಲೆಗೆ ಹೋಯಿತು. ಹುಡುಕಿತು. ಇನ್ನೊಂದು ಕಣ್ಣಿಗೆ ಹೋಯಿತು, ಅಲ್ಲೂ ಹುಡುಕಿ ನಿಂತಿತು.

"ತಮ್ಮಾ," ಎಂದು ನನ್ನನ್ನು ಮೆಲ್ಲಗೆ ಕರೆದರು. "ಕಾಳ ಇಲ್ಲಲ್ಲೋ."

ನಾನು ಅವರ ಹತ್ತಿರ ಬಗ್ಗಿದೆ. "ಮಗಳ ಓದು ಮುಗೀಲಿ ಅಂತ ಅಕ್ಕ..."

ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಕಾಣದ ಆ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮಗಳೂ ಅಳುತ್ತಿದ್ದಳು. ಮೇಡಂ ಗಾಬರಿಯಾಗಿ, "ಏನಾಯ್ತಮ್ಮ?" ಎಂದರು.

ಅಕ್ಕ ನನ್ನ ಕೈ ಬಿಡದೆಯೇ ಆ ದನಿಯ ಕಡೆ ತಿರುಗಿದರು.

"ಇದನ್ನ ನಾಪಾಸ್ ಮಾಡ್ರಿ ಬಾಯಾರ. ಇಷ್ಟ್ ವರ್ಷ ನನ್ನ ಹೆಸರ ಕೆಡಿಸಿದಾಂವ ಇಂವನ!"