ಕಿವಿಯಿಲ್ಲದ ಚಿಕ್ಕಪ್ಪನ ರ‍್ಯಾಪು

ನಮ್ಮ ಚಿಕ್ಕಪ್ಪನಿಗೆ ಮಂಡಿನೋವಿದೆ, ಮೂಗಿನ ತುದಿಯಲ್ಲಿ ಜಾರುವ ಕನ್ನಡಕವಿದೆ, ಜೊತೆಗೆ ಒಂದು ರ‍್ಯಾಪ್ ಹಾಡೂ ಇದೆ. ಮಂಡಿನೋವಿಗೆ ನಮ್ಮೂರು ಹೊನ್ನವಳ್ಳಿಯಲ್ಲೇ ಎಣ್ಣೆ ಸಿಗುತ್ತದೆ. ಹಾಡಿಗೆ ಮಾತ್ರ ಇನ್ನೂ ಔಷಧಿ ಸಿಕ್ಕಿಲ್ಲ!

ಈ ವಯಸ್ಸಿನಲ್ಲಿ ರ‍್ಯಾಪ್ ಏಕೆ ಎಂದು ನೀವು ಕೇಳಬಹುದು. ನಾವೂ ಕೇಳಿದೆವು. "ಕಲೆ ಕಣ್ಲಾ, ಒಳಗಿಂದ ಬತ್ತೈತೆ" ಎಂದ. ಆತನ ಒಳಗಿನಿಂದ ಹಿಂದೆಯೂ ಬೇಕಾದಷ್ಟು ಬಂದಿತ್ತು. ಒಂದು ವರ್ಷ ಮೊಲ ಸಾಕುವ ಯೋಚನೆ ಬಂತು. ಮೊಲಗಳು ಬಿಲ ತೋಡಿಕೊಂಡು ಪಕ್ಕದ ತೋಟಕ್ಕೆ ವರ್ಗವಾದವು. ಇನ್ನೊಂದು ವರ್ಷ ತೆಂಗಿನ ಮರ ಹತ್ತುವ ಯಂತ್ರ ಬಂತು. ಅದು ಹತ್ತಿಸಿತು, ಇಳಿಸಲಿಲ್ಲ. ನಾವೆಲ್ಲ ಬುಡದಲ್ಲಿ ನಿಂತು ಹಗ್ಗ, ಏಣಿ ಎಂದು ಕೂಗಾಡುತ್ತಿದ್ದರೆ, ಆಸಾಮಿ ಮೇಲಿನಿಂದ, "ಲೇ, ಇಲ್ಲಿಂದ ನಮ್ಮ ಕೆರೆ ಏನ್ ಚೆಂದಾಗ್ ಕಾಣ್ತೈತ್ಲಾ!" ಎನ್ನಬೇಕೆ!

ಆದರೆ ಈ ರ‍್ಯಾಪ್ ಬಂದದ್ದು ಒಳಗಿನಿಂದಲ್ಲ, ಅಟ್ಟದಿಂದ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ತಿಪಟೂರು ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುತ್ತೇವೆ. ಒಳಗಿನ ನೀರು ತಾನಾಗಿಯೇ ಆರಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. 'ಗಡಗಡ' ಎಂದರೆ ಆಗಿದೆ. ಆ ಗಡಗಡದ ಹಿಂದೆ ಎಲ್ಲೋ ಸಣ್ಣದಾಗಿ 'ಗುಳುಕ್' ಎಂದರೆ ನೀರಿದೆ, ಇನ್ನೂ ಕಾಯಬೇಕು. ಬೇರೆ ಕಡೆ ಹೆಣ್ಣು ಕೊಡುವಾಗ ಹುಡುಗನ ಗುಣ ನೋಡುತ್ತಾರಂತೆ. ನಮ್ಮಲ್ಲಿ ಕಿವಿ ನೋಡುತ್ತಾರೆ!

ಅಂಥ ಕಿವಿ ಎಂದರೆ ನಮ್ಮಪ್ಪನದು. ಒಮ್ಮೆ ತಿಪಟೂರಿನ ಬಸ್ಸು ಗುಂಡಿಗೆ ಬಿದ್ದು ಎದ್ದಾಗ ಪಕ್ಕದವನ ಚೀಲದಿಂದ ಬಂದ ಸದ್ದು ಕೇಳಿಯೇ, "ಅದಿನ್ನೂ ಆಗಿಲ್ಲ ಕಣಪ್ಪ, ವಾಪಸ್ ತಗೊಂಡೋಗಿ ಅಟ್ಟಕ್ಕಾಕು" ಎಂದಿದ್ದ. ಆ ಮನುಷ್ಯ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟ! ಕೊಬ್ಬರಿಯ ವಿಷಯದಲ್ಲಿ ಅಪ್ಪ ದೇವರ ಮುಲಾಜೂ ನೋಡುವವನಲ್ಲ.

ತಮ್ಮನ ಮುಲಾಜು ನೋಡಿಯಾನೆ? ಕೆಲವು ವರ್ಷಗಳ ಹಿಂದೆ ಅಪ್ಪ ಊರಲ್ಲಿಲ್ಲದಾಗ ಚಿಕ್ಕಪ್ಪ "ಆಗೈತೆ, ಆಗೈತೆ" ಎಂದು ಅಟ್ಟದ ಕಾಯನ್ನೆಲ್ಲ ಇಳಿಸಿ ಸುಲಿಸಿದ. ಒಡೆದು ನೋಡಿದರೆ ಎಲ್ಲದರಲ್ಲೂ ನೀರು! ವಾಪಸು ಬಂದ ಅಪ್ಪ ಸುಲಿಯುವ ಆಳುಗಳ ಮುಂದೆಯೇ, "ನಿಂಗೆ ಕಿವಿನೇ ಇಲ್ಲ ಕಣ್ಲಾ!" ಎಂದುಬಿಟ್ಟ. ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಆವತ್ತೇ ಅಣ್ಣತಮ್ಮಂದಿರ ಮಾತು ನಿಂತಿತು. ಮನೆಯ ನಡುವೆ ಗೋಡೆ ಎದ್ದಿತು, ಅಟ್ಟದ ನಡುವೆಯೂ ಎದ್ದಿತು.

ಗೋಡೆಗೊಂದು ಬಾಗಿಲು ಬೇಕಲ್ಲ? ಅದು ನಾನು! ಯಾರ ದನಿಯನ್ನಾದರೂ ಅವರಂತೆಯೇ ತೆಗೆಯುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಬೇರೆ ಯಾವ ವಿದ್ಯೆಯೂ ಇಲ್ಲ. ಅಪ್ಪ, "ಬೆಳಿಗ್ಗೆ ಮೋಟ್ರು ನಂಗೆ, ಸಂಜೆ ಅವ್ನಿಗೆ. ಹೋಗಿ ಹೇಳು" ಎನ್ನುತ್ತಿದ್ದ. ನಾನು ಆಚೆ ಮನೆಗೆ ಹೋಗಿ, ಹುಬ್ಬು ಗಂಟಿಕ್ಕಿ, ಅದೇ ಗುಡುಗಿನಲ್ಲಿ ಒಪ್ಪಿಸುತ್ತಿದ್ದೆ. ಚಿಕ್ಕಪ್ಪ ಕಿವಿ ಮುಚ್ಚಿಕೊಂಡು, "ನಿಮ್ಮಪ್ಪನ್ ತರ ಹೇಳ್ಬ್ಯಾಡ ಕಣ್ಲಾ, ಮೈ ಉರೀತೈತೆ. ನಿಮ್ಮವ್ವನ್ ತರ ಹೇಳು" ಎನ್ನುತ್ತಿದ್ದ.

ಕಿವಿಯಿಲ್ಲ ಎಂದ ಅಣ್ಣನಿಗೆ ಕಿವಿಯಿದೆ ಎಂದು ತೋರಿಸುವುದು ಹೇಗೆ? ಚಿಕ್ಕಪ್ಪ ತುಂಬಾ ಯೋಚಿಸಿದ. ಲೋಕದಲ್ಲಿ ಕಿವಿಯಿದ್ದವರೆಂದರೆ ಸಂಗೀತಗಾರರು. ಸಂಗೀತದಲ್ಲಿ ರಾಗ ಬೇಡದ್ದು ಯಾವುದಿದೆ? ರ‍್ಯಾಪು! ಸರಿ, ತಾಳಕ್ಕೆಂದು ಅಟ್ಟದಿಂದ ಒಂದು ಕಾಯಿಯನ್ನು ಬಗಲಲ್ಲಿಟ್ಟುಕೊಂಡು, ನನ್ನ ಬೈಕಿನ ಹಿಂದೆ ಕುಳಿತು ತಿಪಟೂರಿಗೆ ಹೊರಟ. ಆತನ ಗೆಳೆಯರೊಬ್ಬರು ಅಲ್ಲಿ ಟೈಲರ್. ಎಲ್ಲರೂ ಅವರನ್ನು ಕರೆಯುವುದು ಭಾಯಿ ಎಂದು. ಸುತ್ತಲೂ ಬಟ್ಟೆ ನೇತಾಡುವುದರಿಂದ ಅವರ ಅಂಗಡಿಯಲ್ಲಿ ಸದ್ದು ಮಾರ್ದನಿಸುವುದಿಲ್ಲ. ಅವರ ಮಗನ ಬಳಿ ಲ್ಯಾಪ್‌ಟಾಪೂ ಮೈಕೂ ಇದ್ದವು.

"ಭಾಯಿ, ಒಂದ್ ಗಳಿಗೆ ಮಿಷಿನ್ ನಿಲ್ಸಿ" ಎಂದ ಚಿಕ್ಕಪ್ಪ.

"ಅರೆ, ನಾಳೆ ಮದುವೆ ಐತೆ, ಹದಿನೈದ್ ಬ್ಲೌಸ್ ಕೊಡ್ಬೇಕು. ನಿಮ್ದೇ ನಿಲ್ಸಿ!"

ಎರಡೂ ನಿಲ್ಲಲಿಲ್ಲ. ಮಿಷಿನ್ನಿನ ಟಕಟಕದ ನಡುವೆ, ಎಡಗೈಯಲ್ಲಿ ಕಾಯಿ ಅಲ್ಲಾಡಿಸುತ್ತಾ ಚಿಕ್ಕಪ್ಪ ಅಬ್ಬರಿಸಿದ:

"ಕಿವಿ ಇಲ್ಲ ಅಂದೋರು ಬನ್ರಲಾ, ಕೇಳ್ರಲಾ,
ಅಟ್ಟದಿಂದ ಇಳ್ದೈತೆ ಕಾಯಿ, ತಾಳ ತಟ್ರಲಾ!
ಹೊನ್ನೊಳ್ಳಿ ಗಂಡು ನಾನು, ಕೂಗಿದ್ರೆ ಎದೆ ಝಲ್ಲು,
ನನ್ ಬಾಯಿ ಮುಚ್ಸೋಕೆ ಹುಟ್ಟಿಲ್ಲ ಯಾವ ಕಲ್ಲು!"

ಕಲ್ಲೇನೋ ಹುಟ್ಟಿಲ್ಲ, ನಿಜ. ಆದರೆ ಚಿಕ್ಕಮ್ಮ ಹುಟ್ಟಿದ್ದಾಳೆ ಎನ್ನುವುದನ್ನು ಹಾಡಿನಲ್ಲಿ ಸೇರಿಸಲಿಲ್ಲ.

ಭಾಯಿಯ ಮಗ ಹಾಡನ್ನು ಹರಿಯಬಿಟ್ಟ. ಸಂಜೆಯ ಹೊತ್ತಿಗೆ ಅದು ಸುತ್ತಲಿನ ಮೊಬೈಲುಗಳಿಗೆಲ್ಲ ಮುಟ್ಟಿತು. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಲಿಯಲ್ಲಿ ಅಭಿನಂದನೆಗೆ ಕುಳಿತ. ಮೊದಲ ಫೋನು ಶೆಟ್ಟಿಕೆರೆಯ ಭಾವನದು. ನಾಲ್ಕು ಜನಕ್ಕೆ ಕೇಳಲೆಂದು ಚಿಕ್ಕಪ್ಪ ಸ್ಪೀಕರ್ ಹಾಕಿದ.

"ಹೆಂಗೈತೆ ಭಾವ, ಹಾಡು?"

"ಹಾಡು ಬುಡು ಅತ್ಲಾಗೆ. ಆ ಕಾಯಿ ಯಾವಾಗ ಅಟ್ಟಕ್ಕಾಕಿದ್ದು? ನೀರೈತಲ್ಲಯ್ಯ!"

ನೋಡಿ, ಬೇರೆ ಯಾವ ನಾಡಿನಲ್ಲಾದರೂ ಜನ ಹಾಡು ಕೇಳುತ್ತಿದ್ದರು. ನಮ್ಮವರು ಕಾಯಿ ಕೇಳಿದರು! ಪದ ಹೇಗಿದೆ, ಪ್ರಾಸ ಹೇಗಿದೆ ಎಂಬ ಮಾತೇ ಇಲ್ಲ. ಹಾಡಿನ ಕೆಳಗೆ ತುರುವೇಕೆರೆಯವನೊಬ್ಬ, "ದನಿ ಸೂಪರ್, ಕಾಯಿ ವೇಸ್ಟ್" ಎಂದು ಬರೆದ. ಚಿಕ್ಕನಾಯಕನಹಳ್ಳಿಯ ಇನ್ನೊಬ್ಬ, "ಎರಡು ತಿಂಗಳು ಬಿಟ್ಟು ಇದನ್ನೇ ಮತ್ತೆ ಹಾಡಿ ಸಾರ್" ಎಂದು ವಿನಯದಿಂದ ಸಲಹೆ ಕೊಟ್ಟ. ಕೊಬ್ಬರಿ ಮಂಡಿಯ ವ್ಯಾಪಾರಿಯೊಬ್ಬರು ಫೋನು ಮಾಡಿಯೇ ಹೇಳಿದರು: "ಆ ಅಟ್ಟದ ಮಾಲು ಈಗ್ಲೇ ತರ್ಬೇಡಿ ಕಣ್ರೀ."

ಕಿವಿಯಿದೆ ಎಂದು ತೋರಿಸಲು ಹೋದವನು, ಇಲ್ಲ ಎಂಬುದನ್ನು ಮೂರು ತಾಲ್ಲೂಕಿಗೆ ಸಾರಿಬಂದಿದ್ದ. ಇಸ್ತ್ರಿ ಅಂಗಿ ಒಳಗೆ ಹೋಯಿತು.

ಈಚೆ ಮನೆಯಲ್ಲಿ ನಾನು, ಕೈತಪ್ಪಿ ಆಯಿತೆನ್ನುವಂತೆ, ಅಪ್ಪನ ಪಕ್ಕದಲ್ಲಿ ಹಾಡು ಹಾಕಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿ, "ನೀರೈತೆ" ಎಂದ. ಆಮೇಲೆ, "ಇನ್ನೊಂದ್ ಸಲ ಹಾಕು" ಎಂದ. ಹಾಕಿದೆ. ನಾನು ಅಭ್ಯಾಸಬಲದಿಂದ ಆಚೆ ಮನೆಗೆ ಹೊರಡಲು ಎದ್ದರೆ, "ಕೂತ್ಕಳ್ಲಾ. ಇದನ್ನ ಅವ್ನಿಗೆ ಹೇಳ್ಬ್ಯಾಡ" ಎಂದ. ಹೇಳಬೇಡ ಎಂಬ ಸಂದೇಶ ನನ್ನ ನೌಕರಿಯಲ್ಲಿ ಅದೇ ಮೊದಲು.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಿಕ್ಕಪ್ಪ ಮೂಲೆಯ ಬೆಂಚಿನಲ್ಲಿ ಟೀ ಲೋಟದೊಳಗೆ ಮುಖ ಇಟ್ಟುಕೊಂಡು ಕುಳಿತಿದ್ದ. ಊರವರಿಗೆ ಹಬ್ಬ! ಒಬ್ಬ ಮೊಬೈಲಿನಲ್ಲಿ ಹಾಡು ಹಾಕುವನು, ಇನ್ನೊಬ್ಬ ನೀರಿನ ಲೋಟ ಕುಲುಕಿ 'ಗುಳುಕ್' ಎನ್ನಿಸುವನು. ಅಷ್ಟರಲ್ಲಿ ಅಪ್ಪ ಒಳಗೆ ಬಂದ. ಚಿಕ್ಕಪ್ಪನ ಲೋಟ ತುಟಿಯಲ್ಲೇ ನಿಂತಿತು.

"ಬನ್ನಿ ಯಜಮಾನ್ರೇ, ನೀವೇ ತೀರ್ಮಾನ ಹೇಳ್ಬುಡಿ" ಎಂದು ಒಬ್ಬ ಮೊಬೈಲನ್ನು ಮುಂದೆ ಹಿಡಿದ.

ಅಪ್ಪ ಅದನ್ನು ಕಾಯಿ ಹಿಡಿದ ಹಾಗೆಯೇ ಕಿವಿಯ ಹತ್ತಿರ ಹಿಡಿದ. ಹಾಡು ಪೂರ್ತಿ ಮುಗಿಯಿತು.

"ಆಗೈತೆ" ಎಂದ ಅಪ್ಪ. "ಚೆಂದಾಗ್ ಆಗೈತೆ. ನೀರಿರೋದು ನಿಮ್ ಮೊಬೈಲ್ನಾಗೆ."

ಯಾರೂ ನಗಲಿಲ್ಲ. ಕೊಬ್ಬರಿಯ ಬಗ್ಗೆ ನಮ್ಮಪ್ಪ ಸುಳ್ಳು ಹೇಳಿದ್ದನ್ನು ಕೇಳಿದವರು ಊರಿನಲ್ಲಿ ಯಾರೂ ಇರಲಿಲ್ಲ. ಈಗ ಹೇಳಿದ್ದು ಸುಳ್ಳೆಂದು ಗೊತ್ತಾಗದವರೂ ಅಲ್ಲಿ ಯಾರೂ ಇರಲಿಲ್ಲ.

ಮೂಲೆಯಿಂದ ದನಿ ಬಂತು: "ಇಲ್ಲ ಬುಡಣ್ಣ. ನೀರೈತೆ."

ಅಪ್ಪ ತಿರುಗಿದ. "ನಿಂಗೆ ಗೊತ್ತಾಗ್ತೈತೇನ್ಲಾ?"

"ಹ್ಞೂಂ. ಹಾಡ್ವಾಗ ಬರೀ ನನ್ ದನಿನೇ ಕೇಳ್ಕಂತಿದ್ದೆ. ರಾತ್ರಿ ಕೂತ್ಕಂಡು ಕಾಯಿ ಕೇಳ್ದೆ."

ಅಪ್ಪ ಟೀ ಹೇಳಿದ. ಬರುವವರೆಗೂ ರಸ್ತೆ ನೋಡುತ್ತಿದ್ದ. ಆಮೇಲೆ ರಸ್ತೆಗೇ ಹೇಳುವವನಂತೆ, "ಸಂಜೆ ನಮ್ ಕಡೆ ಅಟ್ಟಕ್ಕೆ ಬಾ. ಒಂದಷ್ಟು ಕಾಯಿ ನೋಡ್ಬೇಕು. ನನ್ ಎಡಗಿವಿ ಈಚೆಗೆ ಅಷ್ಟಾಗಿ ಕೇಳಲ್ಲ" ಎಂದ. ಆ ಕಿವಿಗೆ ಏನೂ ಆಗಿಲ್ಲ. ಗೋಡೆಯಾಚೆ ನಾನು ಅಪ್ಪನ ದನಿ ತೆಗೆದು ಅಣಕಿಸಿದರೆ ಈಚೆಯಿಂದ ಬೈಗುಳ ಬರುತ್ತದೆ!

ಸಂಜೆ ಏಣಿಯ ಬುಡದಲ್ಲಿ ನಿಂತೇ ಇದ್ದೆ. ಏನಾದರೂ ಹೇಳಿ ಕಳಿಸಿಯಾರೆಂದು. ಯಾರೂ ಕರೆಯಲಿಲ್ಲ. ಮೇಲಿನ ಕತ್ತಲಲ್ಲಿ ಒಂದು ಕಾಯಿ ಗಡಗಡ ಎಂದಿತು, ಸುಮ್ಮನಾಯಿತು, ಮತ್ತೊಂದು ಕೈಗೆ ಹೋಗಿ ಮತ್ತೆ ಗಡಗಡ ಎಂದಿತು. "ಆಗೈತೆ" ಎಂದಿತು ಒಂದು ದನಿ, ಬಲು ಮೆತ್ತಗೆ. ಅವರಿಬ್ಬರ ದನಿಯನ್ನೂ ಇಷ್ಟು ವರ್ಷ ಹೊತ್ತು ತಿರುಗಿದ ನನಗೆ, ಹಾಗೆಂದದ್ದು ಅಪ್ಪನೋ ಚಿಕ್ಕಪ್ಪನೋ ತಿಳಿಯಲೇ ಇಲ್ಲ.