ಮರಳಿನ ಬಕೆಟ್ಟಿನ ಮುಯ್ಯಿ

ನಮ್ಮ ಸೋದರತ್ತೆ ಮದುವೆ ಮನೆಗೆ ಬಂದರೆ ಮೊದಲು ನೋಡುವುದು ಹೆಣ್ಣನ್ನಲ್ಲ, ಗಂಡನ್ನಂತೂ ಅಲ್ಲವೇ ಅಲ್ಲ. ನೆಟ್ಟಗೆ ಅಡುಗೆ ಮನೆಗೆ ನಡೆದು ಗ್ಯಾಸ್ ಸಿಲಿಂಡರನ್ನು ವಿಚಾರಿಸಿಕೊಂಡು ಬರುತ್ತಾರೆ. ಪೈಪು ಬಗ್ಗಿಸಿ ನೋಡುತ್ತಾರೆ, ರೆಗ್ಯುಲೇಟರನ್ನು ಮೂಸುತ್ತಾರೆ, ಒಲೆಯ ಪಕ್ಕದಲ್ಲೇ ಎಣ್ಣೆ ಡಬ್ಬ ಇಟ್ಟುಕೊಂಡ ಅಡುಗೆಯವರಿಗೆ ಎರಡು ಮಾತು ಹೇಳುತ್ತಾರೆ. ಆಮೇಲೆ ಛತ್ರದೊಳಗೆ ಬಂದು, ಬೆಂಕಿ ಗಿಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡಬೇಕೆಂದು ಗೊತ್ತುಮಾಡಿಕೊಂಡು, ಆ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ. ಇಂಥವರನ್ನು ಕರೆಯದೆ ಇದ್ದರಾಯಿತಲ್ಲ ಎಂದು ನೀವು ಕೇಳಬಹುದು. ಸ್ವಂತ ಸೋದರತ್ತೆಯನ್ನು ಬಿಟ್ಟು ಮದುವೆ ಮಾಡುವುದುಂಟೇ? ಆರತಿ ಎತ್ತುವವರು ಯಾರು? ಅದಕ್ಕಿಂತ ಹೆಚ್ಚಾಗಿ, ಮುಯ್ಯಿ ತಪ್ಪಿಹೋಗುವುದಿಲ್ಲವೇ?

ನಮ್ಮ ಕಡೆ ಮುಯ್ಯಿ ಎಂದರೆ ಬರಿಯ ಉಡುಗೊರೆಯಲ್ಲ. ನಿಮ್ಮ ಮನೆಯ ಶುಭಕಾರ್ಯಕ್ಕೆ ನಾನು ಏನು ಕೊಟ್ಟೆನೋ, ನನ್ನ ಮನೆಯ ಶುಭಕಾರ್ಯಕ್ಕೆ ನೀವು ಅದನ್ನೇ, ಕೊಂಚ ಹೆಚ್ಚಾಗಿ, ಹಿಂದಕ್ಕೆ ಕೊಡಬೇಕು. ಸತ್ತರೂ ಮರೆಯುವಂತಿಲ್ಲ; ನಿಮ್ಮ ಮಕ್ಕಳು ನೆನಪಿಟ್ಟುಕೊಂಡು ಕೊಡುತ್ತಾರೆ. ಅತ್ತೆಯ ತೊಂದರೆ ಏನೆಂದರೆ ಅವರ ಮನೆಯಲ್ಲಿ ಶುಭಕಾರ್ಯವೇ ಆಗಲಿಲ್ಲ. ಅಕ್ಕಿಹೆಬ್ಬಾಳಿನ ಆಚೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿ, ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಮನೆ ಹಿಡಿದು, ಒಬ್ಬರೇ ಇದ್ದುಬಿಟ್ಟರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವ ಧೈರ್ಯವಿದ್ದವರು ಈಗ ಯಾರೂ ಬದುಕಿಲ್ಲ. ಹೀಗಾಗಿ ಮದುವೆಯಿಲ್ಲ, ನಾಮಕರಣವಿಲ್ಲ, ಗೃಹಪ್ರವೇಶಕ್ಕೆ ಸ್ವಂತ ಗೃಹವೂ ಇಲ್ಲ. ಮುಯ್ಯಿ ಅವರ ಕೈಯಿಂದ ಹೋಗುತ್ತಲೇ ಇತ್ತು, ಬರುತ್ತಿರಲಿಲ್ಲ.

ಹೋಗುತ್ತಿದ್ದ ಮುಯ್ಯಿಯಾದರೂ ಎಂಥದ್ದು! ನಾಲ್ಕು ಜನರಂತೆ ಕುಕ್ಕರೋ ಗೋಡೆ ಗಡಿಯಾರವೋ ಕೊಟ್ಟವರಲ್ಲ. ಬಾಬುರಾಯನಕೊಪ್ಪಲಿನಲ್ಲಿ ನನ್ನ ಅಣ್ಣ ಮನೆ ಕಟ್ಟಿಸಿದಾಗ ಬೆಂಕಿ ಆರಿಸುವ ಕೆಂಪು ಸಿಲಿಂಡರು ಕೊಟ್ಟರು. ಅವನು ಅದನ್ನು ಷೋಕೇಸಿನಲ್ಲಿ ಮಗನ ಕಬಡ್ಡಿ ಕಪ್ಪಿನ ಪಕ್ಕ ನಿಲ್ಲಿಸಿದ. ಬಂದವರೆಲ್ಲ ಅದು ಯಾವ ಆಟಕ್ಕೆ ಬಂದದ್ದು ಎಂದು ವಿಚಾರಿಸುತ್ತಿದ್ದರು. ನನ್ನ ಮದುವೆಗೆ ಪ್ರಯೋಗಾಲಯದಲ್ಲಿ ಹಾಕಿಕೊಳ್ಳುವ ದಪ್ಪ ಕನ್ನಡಕ, ಗಂಡಿಗೊಂದು ಹೆಣ್ಣಿಗೊಂದು. ನನ್ನದು ಮಾಳಿಗೆ ಸೇರಿತು. ಹೆಂಡತಿ ಮಾತ್ರ ಈರುಳ್ಳಿ ಹೆಚ್ಚುವಾಗ ಹಾಕಿಕೊಳ್ಳುತ್ತಾಳೆ. ಮದುವೆಯಾದ ಮೇಲೆ ಅವಳು ಅತ್ತಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಪಾಂಡವಪುರದಲ್ಲಿ ನಮ್ಮ ಚಿಕ್ಕಪ್ಪನ ಆಲೆಮನೆ ಇದೆ. ಅದರ ಪೂಜೆಗೆ ಅತ್ತೆ ಮೊಣಕೈವರೆಗೆ ಬರುವ ರಬ್ಬರ್ ಕೈಗವಸು ತಂದರು. ಕುದಿಯುವ ಕೊಪ್ಪರಿಗೆಯ ಮುಂದೆ ಬರಿಗೈಯಲ್ಲಿ ನಿಲ್ಲಬಾರದೆಂದು ಅಲ್ಲೇ ಆಳಿನ ಕೈಗೆ ಹಾಕಿಸಿಯೂ ಬಿಟ್ಟರು. ಅದೇ ಹೊತ್ತಿಗೆ ಬೆಲ್ಲ ನೋಡಲು ಬಂದ ವ್ಯಾಪಾರಿ, ಆ ಕೈಗವಸು ಕಂಡು, ಇವರು ಬೆಲ್ಲಕ್ಕೆ ಏನೋ ಭಾರಿ ವಿಷವನ್ನೇ ಹಾಕುತ್ತಿದ್ದಾರೆಂದು ತೀರ್ಮಾನಿಸಿ, ಕೊಟ್ಟ ಕಬ್ಬಿನ ಹಾಲನ್ನೂ ಕುಡಿಯದೆ ಹೊರಟುಹೋದ. ಚಿಕ್ಕಪ್ಪ ಆ ವರ್ಷವೆಲ್ಲ ತಂಗಿಯ ಹೆಸರೆತ್ತಲಿಲ್ಲ.

ಈ ವಿಷಯದಲ್ಲಿ ನನಗೂ ಅವರಿಗೂ ಒಂದು ವೃತ್ತಿ ಸಂಬಂಧವುಂಟು. ನಾನು ಪಾಂಡವಪುರದಲ್ಲಿ ಇನ್ಶೂರೆನ್ಸ್ ಏಜೆಂಟ್. ಜನರಿಗೆ ಭಯ ಹುಟ್ಟಿಸಿ ಹೊಟ್ಟೆ ಹೊರೆಯುವವನು. ಅತ್ತೆ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಾರೆ.

ಆದರೆ ಮಾತು ಬಿಡುವ ಮಟ್ಟಕ್ಕೆ ಹೋದದ್ದು ನಾಗಮಂಗಲದ ಮದುವೆಯಲ್ಲಿ. ಅಲ್ಲಿ ನಮ್ಮ ದೊಡ್ಡಮ್ಮನ ಮನೆ. ಅತ್ತೆಗೆ ಅವರು ಅಣ್ಣನ ಹೆಂಡತಿ. ಮಗನ ಮದುವೆಗೆ ಅತ್ತೆ ಕೊಟ್ಟ ಮುಯ್ಯಿ, ಕೆಂಪು ಬಣ್ಣ ಬಳಿದ, ಮರಳು ತುಂಬಿದ ಒಂದು ಬಕೆಟ್ಟು. ಕೊಟ್ಟು ಸುಮ್ಮನಾದರೇ? ಯಾರು ಏನು ಕೊಟ್ಟರೆಂದು ಮುಯ್ಯಿ ಕೂಗುತ್ತಿದ್ದವನ ಕೈಯಿಂದ ಮೈಕು ಕಿತ್ತುಕೊಂಡು, ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಯಾರೂ ನೀರು ಹುಯ್ಯಬೇಡಿ, ನೀರು ಹುಯ್ದರೆ ಬೆಂಕಿ ಹಾರಿ ಮುಖಕ್ಕೆ ಬರುತ್ತದೆ, ಮರಳು ಸುರಿಯಿರಿ ಎಂದು ಊಟದ ಪಂಕ್ತಿಗೆಲ್ಲ ಕೇಳುವಂತೆ ಪಾಠ ಮಾಡಿದರು. ದೊಡ್ಡಮ್ಮ ಹಲ್ಲು ಕಚ್ಚಿಕೊಂಡು ಸಹಿಸಿದರು.

ಸಹಿಸಲಾಗದ್ದು ಸಂಜೆ ನಡೆಯಿತು. ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ಹೊತ್ತು. ಹೊಸಿಲಲ್ಲಿ ಆರತಿ ಹಿಡಿದವರು ಸೋದರತ್ತೆ. ತಟ್ಟೆಯ ನೀರಿಗೆ ಅರಿಶಿನ ಹಾಕಿ, ಸುಣ್ಣ ಬೆರೆಸಿದರು. ಎಂದಿನಂತೆ ನೀರು ಕೆಂಪಾಯಿತು. ಪಕ್ಕದಲ್ಲಿದ್ದ ಮಗುವೊಂದು, ಹಳದಿ ಹಾಕಿದರೆ ಕೆಂಪು ಯಾಕಾಯಿತು ಎಂದು ಕೇಳಬೇಕೇ! ಮಗು ಪ್ರಶ್ನೆ ಕೇಳಿದರೆ ಅತ್ತೆಗೆ ಹೊಸಿಲೂ ಇಲ್ಲ, ಮುಹೂರ್ತವೂ ಇಲ್ಲ. ಸುಣ್ಣ ಕ್ಷಾರ ಕಣೋ, ಅದಕ್ಕೆ ಕೆಂಪು, ಈಗ ಆಮ್ಲ ಹಾಕಿದರೆ ನೋಡು ಎನ್ನುತ್ತ, ಮದುಮಗನ ಕೈಯಲ್ಲಿದ್ದ ನಿಂಬೆಹಣ್ಣು ಕಿತ್ತುಕೊಂಡು ತಟ್ಟೆಗೆ ಹಿಂಡಿಯೇಬಿಟ್ಟರು. ದೃಷ್ಟಿ ತೆಗೆಯಬೇಕಾದ ಕೆಂಪು ನೀರು ಎಲ್ಲರ ಕಣ್ಣೆದುರಿಗೇ ಹಳದಿಯಾಯಿತು. ಹೊಸ ಸೊಸೆ ಬಲಗಾಲು ಎತ್ತಿದವಳು ಎತ್ತಿದ ಹಾಗೇ ನಿಂತಳು. ಮಕ್ಕಳು ಚಪ್ಪಾಳೆ ತಟ್ಟಿದವು. ದೊಡ್ಡಮ್ಮ ಒಂದೇ ಮಾತು ಹೇಳಿದರು.

"ನನ್ ಮನೆ ಬಾಗ್ಲಲ್ಲಿ ಕೆಂಪು ಕಳುದ್ಬುಟ್ಟಲ್ಲ ಕಣವ್ವ."

ಆಮೇಲೆ ವರ್ಷಗಟ್ಟಲೆ ಅವರು ಅತ್ತೆಯೊಡನೆ ಮಾತಾಡಲಿಲ್ಲ.

ಇನ್ನು ಅತ್ತೆಯ ಸ್ಕೂಲಿನ ಕಥೆ. ಅಲ್ಲಿ ಒಂದು ಕೋಣೆಯ ಬಾಗಿಲ ಮೇಲೆ 'ಪ್ರಯೋಗಾಲಯ' ಎಂದು ಬರೆದಿದೆ. ಒಳಗೆ ಮುರಿದ ಬೆಂಚು, ಹರಿದ ಡ್ರಮ್ಮು, ಇಲಿ. ಪ್ರಯೋಗವೆಲ್ಲ ಕಪ್ಪು ಹಲಗೆಯ ಮೇಲೆ. ಅತ್ತೆ ಸೀಮೆಸುಣ್ಣದಲ್ಲಿ ಬೀಕರ್ ಬರೆದರೆ ಎತ್ತಿ ನೀರು ಕುಡಿಯಬೇಕು ಎನ್ನಿಸುವಷ್ಟು ಚೆನ್ನಾಗಿ ಬರೆಯುತ್ತಾರೆ. ಅವರ ಕೈಯಲ್ಲಿ ಕಲಿತ ಮಕ್ಕಳು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪಾಸಾಗಿ, ಮದುವೆಯಾಗಿ, ತಮ್ಮ ಮಕ್ಕಳನ್ನೂ ಅದೇ ಸ್ಕೂಲಿಗೆ ತಂದು ಸೇರಿಸಿದ್ದಾರೆ; ಆದರೆ ಒಂದು ಪ್ರನಾಳವನ್ನು ಕೈಯಲ್ಲಿ ಹಿಡಿದವರು ಅವರಲ್ಲಿ ಒಬ್ಬರೂ ಇಲ್ಲ. ಈ ವರ್ಷ ಅತ್ತೆಗೆ ನಿವೃತ್ತಿ. ಒಂದೇ ಒಂದು ತರಗತಿಯ ಮಕ್ಕಳಾದರೂ ತನ್ನ ಎದುರಿಗೆ, ತಮ್ಮ ಕೈಯಿಂದಲೇ ಪ್ರಯೋಗ ಮಾಡಬೇಕು ಎಂಬುದು ಅವರ ಆಸೆ. ಅದನ್ನು ನನಗೆ ಹೇಳುವಾಗ ಅವರು ನನ್ನ ಮುಖ ನೋಡದೆ ಕಾರಿನ ಕಿಟಕಿಯಾಚೆ ನೋಡುತ್ತಿದ್ದರು.

ಗಾಜಿನ ಸಾಮಾನನ್ನು ಅವರೇ ಕೊಂಡು ತಂದರು. ಬ್ಯುರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಗೆ ಬಸ್ಸಿನಲ್ಲಿ ಟಿಕೆಟ್ಟು ತೆಗೆದು, ಕಿಟಕಿ ಪಕ್ಕದ ಸೀಟು ಕೊಟ್ಟು, ಶ್ರೀರಂಗಪಟ್ಟಣದಲ್ಲಿ ಹತ್ತಿದ ದಪ್ಪನೆಯ ಮನುಷ್ಯರೊಬ್ಬರನ್ನು ಊರು ಬರುವ ತನಕ ನಿಲ್ಲಿಸಿಕೊಂಡೇ ಬಂದರು. ಎಲ್ಲ ಬಂತು, ಸ್ಪಿರಿಟ್ ದೀಪವೂ ಬಂತು. ಇನ್ನೇನು, ಹಚ್ಚಿದರಾಯಿತಲ್ಲ? ಹಚ್ಚುವುದಿಲ್ಲ! ಪ್ರತಿ ಮಗುವಿಗೂ ಕನ್ನಡಕ, ಕೈಗವಸು, ಬಾಗಿಲಲ್ಲಿ ಮರಳು, ಗೋಡೆಯಲ್ಲಿ ಬೆಂಕಿ ಆರಿಸುವ ಸಿಲಿಂಡರು, ಕಣ್ಣು ತೊಳೆಯುವ ನೀರಿನ ಬಾಟ್ಲಿ, ಇಷ್ಟೂ ಬರುವವರೆಗೆ ಕಡ್ಡಿ ಗೀರುವುದಿಲ್ಲ ಎಂದರು. ಗೋಡೆಯ ಮೇಲೆ ನಿಯಮಗಳನ್ನೂ ಬರೆದರು. ಮೊದಲನೆಯದು: 'ಒಳಗಿರುವಾಗ ಯಾರೂ, ಯಾವ ಕಾರಣಕ್ಕೂ ಕನ್ನಡಕ ತೆಗೆಯತಕ್ಕದ್ದಲ್ಲ.' ಕನ್ನಡಕವೇ ಇರಲಿಲ್ಲ, ಆ ಮಾತು ಬೇರೆ.

ಮುಖ್ಯೋಪಾಧ್ಯಾಯರು ಒಳ್ಳೆಯವರೇ. ಆದರೆ ಬಿಸಿಯೂಟದ ಅಕ್ಕಿ ಮೂಟೆಗಳು ವರಾಂಡದಲ್ಲಿ ನೆನೆಯುತ್ತಿದ್ದವು, ಅವರ ಕಣ್ಣು ಈ ಕೋಣೆಯ ಮೇಲಿತ್ತು.

"ಮೇಡಂ, ಒಂದು ದೀಪ ಹಚ್ಚೋದಕ್ಕೆ ನೀವು ಯುದ್ಧಕ್ಕೆ ಸಾಮಾನು ಕೇಳಿದಂಗೆ ಕೇಳ್ತೀರಿ. ದಸರಾ ರಜೆಯೊಳಗೆ ಶುರು ಮಾಡಿ. ಇಲ್ದಿದ್ರೆ ಅಕ್ಕಿ ಇಳಿಸ್ಬುಡ್ತೀನಿ."

ಅತ್ತೆ ಯೋಚನೆ ಮಾಡಿದರು. ಮಾಡಿ, ಮಂಗಳಪತ್ರ ಅಚ್ಚು ಹಾಕಿಸಿದರು! ಅರಿಶಿನ ಹಚ್ಚಿದ ನಾಲ್ಕು ಮೂಲೆ, ಮೇಲೆ ಗಣೇಶ, ಕೆಳಗೆ 'ರಸಾಯನಶಾಸ್ತ್ರ ಪ್ರಯೋಗಾಲಯದ ಗೃಹಪ್ರವೇಶ ಮಹೋತ್ಸವ'. ಈಗಿನ ಪತ್ರಗಳಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಹಾಕಿಸುತ್ತಾರಲ್ಲ, ಅತ್ತೆಯ ಪತ್ರದ ಕೊನೆಯಲ್ಲಿ 'ಉಡುಗೊರೆಯೇ ಆಶೀರ್ವಾದ' ಎಂದಿತ್ತು. ನಾನೇ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆ ಮನೆ ಸುತ್ತಿದೆ. ಅತ್ತೆ ಎಲ್ಲ ಕಡೆಯೂ ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು, ಕ್ರಮವಾಗಿ ಕರೆದರು. ನಾಗಮಂಗಲದಲ್ಲಿ ಮಾತ್ರ ದೊಡ್ಡಮ್ಮ ಹೊರಗೆ ಬರಲಿಲ್ಲ. ಸೊಸೆಯ ಕೈಗೆ ಪತ್ರ ಕೊಟ್ಟು, ಹೊಸಿಲು ದಾಟದೆ ಹಿಂದಕ್ಕೆ ಬಂದೆವು. ದಾರಿಯುದ್ದಕ್ಕೂ ಅತ್ತೆ ನನ್ನ ಬ್ರೇಕಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಗಲೇ ನನಗೆ ಅವರ ಸಂಕಟ ಎಷ್ಟೆಂದು ಅರ್ಥವಾದದ್ದು.

ಆ ದಿನ ಬಂತು. ಸ್ಕೂಲಿನ ಮುಂದೆ ಶಾಮಿಯಾನ, ಬಾಗಿಲಿಗೆ ಮಾವಿನ ತೋರಣ. ಕೃಷ್ಣರಾಜಪೇಟೆಯ ಮೈಕ್ ಸೆಟ್ಟಿನ ಸಾಬರು ನೂರಾರು ಮದುವೆಯ ಮುಯ್ಯಿ ಕೂಗಿದವರು. ಇದನ್ನೂ ಅದೇ ಗತ್ತಿನಲ್ಲಿ ಕೂಗಿದರು.

"ಬಾಬುರಾಯನಕೊಪ್ಪಲಿನ ಅಣ್ಣನ ಮಗನ ಕಡೆಯಿಂದ ಬೆಂಕಿ ಆರ್ಸೋ ಸಿಲಿಂಡರು. ಮೇಲಿರೋ ಮಾಲೀಕ್ ಅವ್ರನ್ನ ಚೆನ್ನಾಗಿ ಇಟ್ಟಿರ್ಲಿ."

ನೋಡುತ್ತೇನೆ, ಅದೇ ಷೋಕೇಸಿನ ಸಿಲಿಂಡರು! ಹೊಸದಾಗಿ ಬಣ್ಣ ಬಳಿದು, ಒಳಗೆ ಔಷಧಿ ತುಂಬಿಸಿ ತಂದಿದ್ದ ನನ್ನ ಅಣ್ಣ. ಹಿಂದೆಯೇ ಚಿಕ್ಕಪ್ಪ, ಅದೇ ರಬ್ಬರ್ ಕೈಗವಸು, ಜೊತೆಗೆ ಅಂಥವೇ ಒಂದು ಮೂಟೆ. ನನ್ನ ಹೆಂಡತಿಯೂ ನಾನು ಮಾಳಿಗೆಯಿಂದ ಇಳಿಸಿದ ಕನ್ನಡಕದ ಜೊತೆ ತನ್ನದನ್ನೂ ಒರೆಸಿ ತಂದಿದ್ದಳು, ತರಗತಿಗೆಲ್ಲ ಆಗುವಷ್ಟು ಹೊಸವನ್ನೂ ತಂದಿದ್ದಳು. ಮುಯ್ಯಿಯ ನಿಯಮವೇ ಅದಲ್ಲವೇ, ಕೊಟ್ಟದ್ದನ್ನೇ ಕೊಂಚ ಹೆಚ್ಚಾಗಿ ಕೊಡಬೇಕು. ಯಾರೂ ಯಾರನ್ನೂ ಕೇಳಿರಲಿಲ್ಲ, ಎಲ್ಲರೂ ಅದನ್ನೇ ಮಾಡಿದ್ದರು. ಸಾಮಾನು ಒಂದೊಂದಾಗಿ ಒಳಗೆ ಹೋಗಿ ತನ್ನ ತನ್ನ ಜಾಗದಲ್ಲಿ ಕೂತಿತು. ನನಗೆ ಅನುಮಾನ ಬಂತು. ಇಷ್ಟು ವರ್ಷ ಇವರು ಉಡುಗೊರೆ ಕೊಡುತ್ತಿದ್ದರೋ, ಲ್ಯಾಬಿನ ಸಾಮಾನನ್ನು ನಮ್ಮ ಮನೆಗಳಲ್ಲಿ ಜೋಪಾನ ಮಾಡಿಸುತ್ತಿದ್ದರೋ? ಅತ್ತೆಯನ್ನೇ ಕೇಳಿದೆ.

"ಕೊಟ್ಟಿದ್ದು ನಿಮ್ಗೇ ಕಣ್ಲಾ," ಎಂದರು. "ಒಬ್ರೂ ಉಪಯೋಗಿಸ್ನಿಲ್ಲ. ನಾನೇನ್ ಮಾಡ್ಲಿ."

ಎಲ್ಲ ಬಂದು ಮುಗಿಯಿತು, ಬಾಗಿಲ ಮೂಲೆ ಮಾತ್ರ ಖಾಲಿ. ಮರಳಿನ ಬಕೆಟ್ಟಿಲ್ಲ. ಹೊಸದೊಂದು ತರೋಣವೆಂದೆ. ಅತ್ತೆ ಬೇಡವೆಂದು, ತಾವೂ ಕನ್ನಡಕ ಹಾಕಿಕೊಂಡು, ಹೊಸಿಲ ಒಳಗಿನಿಂದಲೇ ರಸ್ತೆ ನೋಡುತ್ತ ನಿಂತರು. ಮಕ್ಕಳು ಒಳಗೆ ಕನ್ನಡಕ ಹಾಕಿಕೊಂಡು ಕೂತೇ ಇದ್ದವು. ಮುಖ್ಯೋಪಾಧ್ಯಾಯರು ಗಡಿಯಾರ ನೋಡಿದರು.

ಆಗ ಆಟೋ ಬಂತು. ದೊಡ್ಡಮ್ಮ ಇಳಿದರು. ಒಂದು ಕೈಯಲ್ಲಿ ಮುಚ್ಚಿದ ತಟ್ಟೆ, ಇನ್ನೊಂದರಲ್ಲಿ ಆ ಕೆಂಪು ಬಕೆಟ್ಟು. ನೆಟ್ಟಗೆ ಬಂದು ಅತ್ತೆಯ ಮುಂದೆ ಬಕೆಟ್ಟು ಇಟ್ಟರು. ಒಳಗೆ ಏನೂ ಇರಲಿಲ್ಲ. ಚೆಲ್ಲಿಬಿಟ್ಟಿದ್ದಾರೆ ಎಂದುಕೊಂಡೆ, ಅತ್ತೆಯೂ ಹಾಗೇ ಅಂದುಕೊಂಡರೋ ಏನೋ, ಮುಖ ಸಣ್ಣಗಾಯಿತು.

"ಮರಳು ಸುರುದ್ಬುಟ್ಟೆ ಕಣವ್ವ," ಎಂದರು ದೊಡ್ಡಮ್ಮ. "ಹೋದ್ ಗೌರಿ ಹಬ್ಬದಾಗೆ ಕಜ್ಜಾಯದ ಬಾಂಡ್ಲಿಗೆ ಬೆಂಕಿ ಹತ್ಕತ್ತು. ಸೊಸೆ ನೀರ್ ಎತ್ಕಂಡು ಬಂದ್ಲು. ಮೊಗ ಪಕ್ದಲ್ಲೇ ಕುಂತಿತ್ತು. ನೀ ಅವತ್ತು ಮೈಕ್ನಾಗೆ ಬಡ್ಕಂಡಿದ್ದು ಗ್ಯಾಪಕ ಬಂತು. ನೀರ್ ಕಿತ್ಕಂಡು ಮರಳು ಸುರುದೆ."

"ಮೊಗ?" ಅತ್ತೆ ಕೇಳಿದರು.

"ಏನೂ ಆಗ್ನಿಲ್ಲ. ಆಟೋದಾಗೆ ಅವ್ಳೆ, ನೋಡು." ದೊಡ್ಡಮ್ಮ ಆಟೋದ ಕಡೆಗೆ ಕೈ ಮಾಡಿದರು. "ಮಾತು ಬುಟ್ಟೋಳು ಏನಂತ ಬಂದು ಹೇಳ್ಲಿ. ಪತ್ರ ಬಂತು, ಬಂದೆ."

ಸೊಸೆ ಆಟೋದಿಂದ ಮಗುವನ್ನು ಎತ್ತಿಕೊಂಡು ಇಳಿದಳು. ಅವಳ ಹಿಂದೆ ಆಟೋದವನು ಹೊಸ ಮರಳಿನ ಎರಡು ಚೀಲ ಇಳಿಸಿದ. ದೊಡ್ಡಮ್ಮ ತಟ್ಟೆಯ ಮುಚ್ಚಳ ತೆಗೆದರು. ಅರಿಶಿನ, ಸುಣ್ಣ, ಕೆಂಪು ನೀರು. ನಮ್ಮೆಲ್ಲರ ಹೊಸಿಲಲ್ಲೂ ಆರತಿ ಹಿಡಿದ ಈ ಹೆಂಗಸಿಗೆ ಯಾರೂ ಯಾವತ್ತೂ ಆರತಿ ಎತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ದೊಡ್ಡಮ್ಮ ಸೆರಗಿನ ಗಂಟಿನಿಂದ ಒಂದು ನಿಂಬೆಹಣ್ಣು ಬಿಚ್ಚಿ ಅತ್ತೆಯ ಕೈಗೆ ಹಾಕಿದರು.

"ತಗೋ. ಹಿಂಡು. ನಿನ್ ಮಕ್ಳಿಗೆ ತೋರ್ಸು."

ಮಕ್ಕಳು ಕಿಟಕಿಗೆ ಮುತ್ತಿಕೊಂಡವು. ಅತ್ತೆ ಹೊಸಿಲ ಒಳಗೆ ಕನ್ನಡಕ ಹಾಕಿಕೊಂಡು, ನಿಂಬೆಹಣ್ಣು ಹಿಡಿದುಕೊಂಡು ನಿಂತಿದ್ದರು. ಪಾಠ ಹೇಳುವ ಅವಕಾಶವನ್ನು ಅವರು ಬಿಟ್ಟುಕೊಟ್ಟದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ.

"ನಾಳೆ ತೋರಿಸ್ತೀನಿ ಅತ್ತಿಗೆ," ಎಂದರು. "ಇವತ್ತು ಕೆಂಪಗೇ ಇರ್ಲಿ."

ದೊಡ್ಡಮ್ಮ ಆರತಿ ಎತ್ತಿ, ಆ ಕೆಂಪು ನೀರಿನಲ್ಲಿ ಬೆರಳದ್ದಿ ಅತ್ತೆಯ ಹಣೆಗೆ ಇಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡರು. ಗೋಡೆಯ ಮೇಲಿನ ಮೊದಲನೆಯ ನಿಯಮವನ್ನು ಅಲ್ಲಿದ್ದ ಎಲ್ಲ ಮಕ್ಕಳೂ ಓದಿದ್ದರು; ಯಾರೂ ನೆನಪು ಮಾಡಲಿಲ್ಲ.